ತಣ್ಣೀರಿನ ಪ್ರಶ್ನೆ ಹೊತ್ತು ಲಂಕೆಗೆ

ಪೀಣ್ಯ

ವಿದೇಶಕ್ಕೆ ಹೋಗುವವರೆಲ್ಲ ವಿಮಾನದಲ್ಲೇ ಹೋಗುತ್ತಾರೆ ಎಂದು ನಮ್ಮ ಬೀದಿಯವರು ತಿಳಿದಿದ್ದರು. ನಾನು ಹೋದದ್ದು ಕಲಾಸಿಪಾಳ್ಯದಲ್ಲಿ ಮಧುರೆ ಬಸ್ಸು ಹತ್ತಿ. ಅದನ್ನು ಕೇಳಿ ಪಕ್ಕದ ಮನೆಯ ಪದ್ಮಕ್ಕ, ಹಾಗಾದರೆ ಅದು ಫಾರಿನ್ ಅಲ್ಲ ಬಿಡಿ ಎಂದು ತೀರ್ಪು ಕೊಟ್ಟರು. ಬಸ್ಸು, ಅದಾದ ಮೇಲೆ ರೈಲು, ಆಮೇಲೆ ಹಡಗು ಎಂದು ನಾನು ವಿವರಿಸಿದೆ. ಹಡಗು ಎಂದಮೇಲೆ ಅವರ ಮುಖದಲ್ಲಿ ಸ್ವಲ್ಪ ಗೌರವ ಕಂಡಿತು. ಎರಡು ಡಬ್ಬಿ ಚಕ್ಕುಲಿ ಮಾಡಿಕೊಟ್ಟರು.

ಪೀಣ್ಯದಲ್ಲಿ ಕಾರ್ಖಾನೆಯ ಶೆಡ್ಡುಗಳಿಗೂ ಅಳಿದುಳಿದ ರಾಗಿ ಹೊಲಗಳಿಗೂ ನಡುವೆ ಹನ್ನೆರಡು ಹಾಸಿಗೆಯ ಒಂದು ಹೆರಿಗೆ ಆಸ್ಪತ್ರೆ ಇತ್ತು. ನಾನು ಅಲ್ಲಿ ನರ್ಸು. ಬೆಳಿಗ್ಗೆ ಸೈರನ್ನಿಗೆ ಏಳುವುದು, ಲೇತು ಮಷೀನಿನ ಕಿರುಗುಟ್ಟುವಿಕೆ ಕೇಳುತ್ತ ಹೆರಿಗೆ ಮಾಡಿಸುವುದು, ನೀಲಗಿರಿ ಎಲೆಯ ವಾಸನೆಯಲ್ಲಿ ಮನೆಗೆ ನಡೆಯುವುದು. ಹದಿನೈದು ವರ್ಷ ಇದೇ ನಡೆದಿತ್ತು. ನನಗೆ ನನ್ನ ಕೆಲಸ ಚೆನ್ನಾಗಿ ಗೊತ್ತು ಎಂಬ ಒಣ ಜಂಬವೂ ಇತ್ತು.

ಆ ಜಂಬಕ್ಕೆ ಪೆಟ್ಟು ಬಿದ್ದದ್ದು ಪಾರ್ವತಿಯಿಂದ. ಊರೊಳಗಿನ ಮುನಿಯಮ್ಮನವರ ಒಬ್ಬಳೇ ಮಗಳು. ಹೆರಿಗೆ ಸಲೀಸಾಗಿ ಆಯಿತು, ಹೆಣ್ಣು ಮಗು. ನಾಲ್ಕನೇ ದಿನ ಮನೆಗೆ ಕಳಿಸಿದೆವು. ಮರುದಿನವೇ ಮೈ ಬಿಸಿಯಾಯಿತಂತೆ. ನಮ್ಮ ಕಡೆ ಬಾಣಂತಿಯ ಮೈ ಬಿಸಿಯಾಗಿದ್ದರೆ ಯಾರೂ ಗಾಬರಿಯಾಗುವುದಿಲ್ಲ. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಮಂಚದ ಕೆಳಗೆ ಕೆಂಡದ ಬೋಗುಣಿ. ಬಾಣಂತಿ ಬೆಚ್ಚಗಿದ್ದಾಳೆ ಎಂದರೆ ತಾಯಿ ಚೆನ್ನಾಗಿ ನೋಡಿಕೊಳ್ಳುತ್ತಿದ್ದಾಳೆ ಎಂದೇ ಅರ್ಥ. ಹೀಗಾಗಿ ನಂಜು ಏರಿ ಬಂದ ಜ್ವರ ಎರಡು ದಿನ ಒಳ್ಳೆಯ ಬಾಣಂತನದ ಹೆಸರಿನಲ್ಲಿ ಕಳೆಯಿತು.

ಮೂರನೇ ದಿನ ಆಸ್ಪತ್ರೆಗೆ ತಂದರು. ನೂರನಾಲ್ಕು ಜ್ವರ. ಔಷಧದ ಬೀರುವಿನ ಬೀಗದ ಕೈ ನಮ್ಮ ಡಾಕ್ಟರ್ ಶಾರದಾ ಅವರ ಹತ್ತಿರ, ಅವರು ದೂರದ ಪೇಟೆಯ ಇನ್ನೊಂದು ಆಸ್ಪತ್ರೆಯಲ್ಲಿ. ಅವರು ಬಂದು ಸೂಜಿ ಚುಚ್ಚುವ ಹೊತ್ತಿಗೆ ಸಂಜೆಯಾಗಿತ್ತು. ಮರುದಿನ ಬೆಳಿಗ್ಗೆ ನಾನು ಥರ್ಮಾಮೀಟರ್ ಇಟ್ಟು ನೋಡಿದೆ, ತೊಂಬತ್ತೇಳು. ಜ್ವರ ಇಳೀತು ಎಂದು ಮುನಿಯಮ್ಮನವರಿಗೆ ನಾನೇ ಹೇಳಿದೆ. ಡಾಕ್ಟರಿಗೂ ಫೋನು ಮಾಡಿ ಹೇಳಿದೆ. ಅವರು, ಹಾಗಾದರೆ ಸಂಜೆ ಬರುತ್ತೇನೆ ಎಂದರು. ಮುನಿಯಮ್ಮ ನಮ್ಮ ಕೈಗೆಲ್ಲ ಕಲ್ಲುಸಕ್ಕರೆ ಹಂಚಿದರು. ಮಧ್ಯಾಹ್ನ ಪಾರ್ವತಿ ನೀರು ನೀರು ಎಂದು ಕಾಡಿದಳಂತೆ. ತಾಯಿ ಕಾದಾರಿದ ನೀರಿಗೆ ಕಾಯದೆ ಮೂಲೆಯ ಮಡಕೆಯಿಂದ ಒಂದು ಲೋಟ ಕೊಟ್ಟರು. ಕೈಕಾಲು ತಣ್ಣಗಾಗುತ್ತ ಬಂತು. ಮೂರು ಗಂಟೆಗೆ ಪಾರ್ವತಿ ಇರಲಿಲ್ಲ.

ಬಾಣಂತಿಗೆ ತಣ್ಣೀರು ಕೊಟ್ಟು ಮಗಳನ್ನು ಕಳೆದುಕೊಂಡಳು ಎಂದು ಊರು ಮಾತಾಡಿತು. ನನ್ನೆದುರಿಗೂ ಮಾತಾಡಿತು. ನಾನು ಅಲ್ಲ ಎನ್ನಲಿಲ್ಲ. ಏನಾಯಿತೆಂದು ನನಗೆ ನಿಜವಾಗಿ ಗೊತ್ತಿರಲಿಲ್ಲ, ಗೊತ್ತಿಲ್ಲ ಎನ್ನಲು ನಾಚಿಕೆ. ಆದ್ದರಿಂದ ತಲೆಯಾಡಿಸಿದೆ.

ಒಂದು ವರ್ಷದ ಮೇಲೆ ಡಾಕ್ಟರ್ ಶಾರದಾ ನನ್ನನ್ನು ಕರೆದು, ಲಂಕೆಯ ಬೆಟ್ಟದ ಸೀಮೆಯಲ್ಲಿ ತಮ್ಮ ಓದಿನ ಕಾಲದ ಗೆಳತಿಯೊಬ್ಬರು ಸಣ್ಣ ಆಸ್ಪತ್ರೆ ನಡೆಸುತ್ತಾರೆ ಎಂದರು. ನಮ್ಮಷ್ಟೇ ಬಡ ಆಸ್ಪತ್ರೆ. ಆದರೆ ನಂಜಿನ ಬಾಣಂತಿಯರು ಅಲ್ಲಿ ಎದ್ದು ಮನೆಗೆ ಹೋಗುತ್ತಾರಂತೆ. ಮೂರು ವಾರ ಇದ್ದು ಅದು ಹೇಗೆಂದು ನೋಡಿ ಬಾ ಎಂದು ಕಳಿಸಿದರು.

ಹೊರಡುವ ದಿನ ಮುನಿಯಮ್ಮ ಮೊಮ್ಮಗಳನ್ನು ಸೊಂಟಕ್ಕೆ ಹಾಕಿಕೊಂಡು ಬಂದರು. ಬಾಗಿಲಲ್ಲೇ ನಿಂತು ಕೇಳಿದರು.

"ನರ್ಸಮ್ಮ, ಆ ಊರ್ನಾಗೆ ಬಾಣಂತೀರಿಗೆ ತಣ್ಣೀರು ಕೊಡ್ತಾರಾ? ಒಸಿ ಕೇಳ್ಕಂಡ್ ಬಾರಮ್ಮ."

ಕೇಳಿಕೊಂಡು ಬರುತ್ತೇನೆ ಎಂದೆ. ಪೆಟ್ಟಿಗೆ ಹಗುರವಾಗಿತ್ತು, ಆ ಮಾತು ಮಾತ್ರ ದಾರಿಯುದ್ದಕ್ಕೂ ಭಾರವಾಗಿತ್ತು.

ಹಡಗಿನ ಮೇಲೆ

ಪಂಬನ್ ಸೇತುವೆಯ ಮೇಲೆ ರೈಲು ಎಷ್ಟು ನಿಧಾನ ಹೋಯಿತೆಂದರೆ ಹಳಿಯ ಕೆಳಗಿನ ಅಲೆಗಳನ್ನು ಒಂದೊಂದಾಗಿ ನೋಡಬಹುದಿತ್ತು. ಎರಡೂ ಕಡೆ ಕಿಟಕಿಯಲ್ಲಿ ನೆಲವೇ ಇಲ್ಲ. ನನ್ನೆದುರಿಗೆ ಕೂತಿದ್ದ ತಮಿಳು ಹೆಂಗಸು ಏನೂ ಆಗದವಳಂತೆ ಮಲ್ಲಿಗೆ ಕಟ್ಟುತ್ತಿದ್ದಳು. ನಾನು ಮಾತ್ರ ಸೀಟಿನ ಅಂಚನ್ನು ಬಿಗಿಯಾಗಿ ಹಿಡಿದು, ನಾನು ಹಿಡಿದುಕೊಂಡರೆ ಸೇತುವೆ ನಿಂತೀತು ಎಂಬಂತೆ ಕೂತಿದ್ದೆ. ಕೊನೆಗೆ ಅವಳು ಒಂದು ಮೊಳ ಹೂವು ಹರಿದು ನನ್ನ ಕೈಗೆ ಕೊಟ್ಟಳು. ಹೂವು ಮುಡಿಯಲು ಎರಡೂ ಕೈ ಬೇಕು, ಸೀಟು ಬಿಡಲೇಬೇಕಾಯಿತು.

ರಾಮೇಶ್ವರದಲ್ಲಿ ಹಡಗು. ಆಗ ಅದು ಇನ್ನೂ ಓಡಾಡುತ್ತಿತ್ತು. ಸೀರೆ ಗಂಟು, ಹಿತ್ತಾಳೆ ಕೊಡ, ಉರುಳಿಸಿ ಕಟ್ಟಿದ ಹಾಸಿಗೆ, ಎಲ್ಲರದೂ ಒಂದೇ ರಾಶಿ. ನಮ್ಮ ಮೆಜೆಸ್ಟಿಕ್ಕಿನಲ್ಲಿ ತುಮಕೂರು ಬಸ್ಸಿಗೆ ನುಗ್ಗುವಂತೆಯೇ ಜನ ಹಡಗಿಗೂ ನುಗ್ಗಿದರು. ಟವೆಲು ಹಾಕಿ ಜಾಗ ಹಿಡಿದವರೂ ಇದ್ದರು, ನನಗೆ ಮನೆ ನೆನಪಾಗಿ ಸಮಾಧಾನವಾಯಿತು.

ದಡ ಕಣ್ಣಿಂದ ಮರೆಯಾದ ಮೇಲೆ ಎಲ್ಲರ ದನಿಯೂ ತಗ್ಗಿತು. ಬಿಸಿಲು, ಉಪ್ಪು ಗಾಳಿ, ಇಂಜಿನಿನ ಒಂದೇ ಸಮನಾದ ಗುಡುಗುಡು. ನಾನು ಎಚ್ಚರವಾಗಿದ್ದೆನೋ ತೂಕಡಿಸುತ್ತಿದ್ದೆನೋ ಹೇಳಲಾರೆ. ಸಮುದ್ರ ಉಸಿರಾಡುವಂತೆ ಏರಿ ಇಳಿಯುತ್ತಿತ್ತು. ಪೀಣ್ಯ ಎಂಬ ಊರು, ಹನ್ನೆರಡು ಹಾಸಿಗೆ, ಸೈರನ್ನು, ಎಲ್ಲವೂ ಯಾರೋ ಹೇಳಿದ ಕಥೆಯಂತೆ ದೂರವಾದವು. ಪಾರ್ವತಿ ಮಾತ್ರ ದೂರವಾಗಲಿಲ್ಲ. ಹಡಗಿನ ಕಟಕಟೆಗೆ ಒರಗಿ ನಿಂತ ಯಾರದೋ ಬೆನ್ನು ಅವಳದೇ ಎಂಬಂತೆ ಕಂಡಿತು. ತಿರುಗಿದಾಗ ಅದು ಬೇರೆ ಯಾರೋ.

ತಲೈಮನ್ನಾರಿನ ಕಟ್ಟೆಯಲ್ಲಿ ಸುಂಕದ ಅಧಿಕಾರಿ ನನ್ನ ಪೆಟ್ಟಿಗೆ ತೆಗೆಸಿ ಕಂದು ಪುಡಿಯ ಚೀಲವನ್ನು ಹೊರಗೆಳೆದ. ನನ್ನ ರಾಗಿ ಹಿಟ್ಟು. ಮೂರು ವಾರ ಮುದ್ದೆ ಇಲ್ಲದೆ ಇರಲಾರೆ ಎಂದು ತಂದಿದ್ದೆ. ಇದೇನು ಎಂದು ಕೇಳಿದ. ನಾನು ಕೈಯಲ್ಲೇ ಹಿಟ್ಟು ಕುದಿಸಿ, ತಿರುವಿ, ಉಂಡೆ ಕಟ್ಟಿ, ನುಂಗಿ ತೋರಿಸಿದೆ. ಸಾಲಿನಲ್ಲಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು. ಆತ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, "ಕುರಕ್ಕನ್" ಎಂದು ನಕ್ಕ. ಅವರ ಊರಲ್ಲೂ ರಾಗಿ ಬೆಳೆಯುತ್ತದಂತೆ. ಅಷ್ಟು ನಾಟಕ ಬೇಕಿರಲಿಲ್ಲ.

ಬೆಟ್ಟದ ಊರು

ಕೊಲಂಬೊದಿಂದ ರೈಲು ಬೆಟ್ಟ ಹತ್ತಿತು. ಮಂಜು ಕಿಟಕಿಯೊಳಗೇ ಬಂದು ಕೂತಿತು. ನಾನು ಇಳಿದ ಊರಿಗೆ ಒಂದು ಗಡಿಯಾರದ ಕಂಬ, ಒಂದು ಕೆರೆ, ಒಂದು ಬಜಾರು. ಆಸ್ಪತ್ರೆಗೆ ಹೆಂಚಿನ ಮಾಡು, ಉದ್ದದ ಜಗಲಿ, ಜಗಲಿಯ ಮುಂದೆ ದಾಸವಾಳ. ಹಾಸಿಗೆಗಳು ನಮ್ಮಲ್ಲಿಗಿಂತ ಹಳೆಯವು. ಗ್ಲೂಕೋಸ್ ಬಾಟಲಿ ತೂಗುಹಾಕಲು ಕಬ್ಬಿಣದ ಕಂಬ ಎರಡೇ ಇದ್ದವು, ಉಳಿದ ಕಡೆ ಗೋಡೆಗೆ ಮೊಳೆ. ನನಗೆ ಸ್ವಲ್ಪ ನಿರಾಸೆಯೇ ಆಯಿತು. ಇಷ್ಟು ದೂರ ಬಂದದ್ದು ಇದನ್ನು ನೋಡಲಿಕ್ಕಾ ಎನಿಸಿತು.

ನನ್ನನ್ನು ಒಪ್ಪಿಸಿದ್ದು ಮೆಣಿಕೆ ಎಂಬ ಸೂಲಗಿತ್ತಿಯ ಕೈಗೆ. ಓದಿ ಪರೀಕ್ಷೆ ಪಾಸು ಮಾಡಿದ ಸೂಲಗಿತ್ತಿ, ಐವತ್ತರ ಹತ್ತಿರದವಳು, ಬಿಳಿ ಉಡುಪು, ಯಾವಾಗಲೂ ಬಗಲಲ್ಲಿ ಕೊಡೆ. ಸುತ್ತಲ ಚಹಾ ತೋಟದ ಹೆಂಗಸರಿಂದ ತಮಿಳು ಕಲಿತಿದ್ದಳು. ನಾನು ನಮ್ಮ ಶೆಡ್ಡುಗಳ ಕೂಲಿ ಹೆಂಗಸರಿಂದ ಕಲಿತಿದ್ದೆ. ಅವಳ ಹರಕು ತಮಿಳಿಗೂ ನನ್ನ ಹರಕು ತಮಿಳಿಗೂ ತುಂಬ ಹೊಂದಿಕೆಯಾಯಿತು, ನಡುವೆ ತೂತು ಬಿದ್ದಲ್ಲಿ ಇಂಗ್ಲಿಷ್ ತುಂಬಿಸಿಕೊಂಡೆವು. ಅಕ್ಕ ಎನ್ನುವುದಕ್ಕೆ ಅವರ ಭಾಷೆಯಲ್ಲೂ ಅಕ್ಕ ಎಂದೇ. ಅವಳನ್ನು ಹಾಗೇ ಕರೆದೆ.

ಅಲ್ಲಿ ಚಹಾಕ್ಕೆ ಸಕ್ಕರೆ ಬೆರೆಸುವುದಿಲ್ಲ. ಒಂದು ಚೂರು ಬೆಲ್ಲವನ್ನು ಅಂಗೈಯಲ್ಲಿಟ್ಟುಕೊಂಡು, ಕಚ್ಚಿ ಕಚ್ಚಿ, ಮೇಲೆ ಬಿಸಿ ಚಹಾ ಕುಡಿಯುತ್ತಾರೆ. ನಾನು ಮೊದಲ ದಿನ ಬೆಲ್ಲವನ್ನು ಲೋಟದೊಳಗೆ ಹಾಕಿ ಬೆರಳಿಂದ ಕಲಕಿದೆ. ಯಾರೂ ಏನೂ ಅನ್ನಲಿಲ್ಲ. ಅಲ್ಲಿಯವರು ಅತಿಥಿಯ ತಪ್ಪನ್ನು ನೋಡದಂತೆ ಬೇರೆ ಕಡೆ ಮುಖ ತಿರುಗಿಸುತ್ತಾರೆ. ನಮ್ಮಲ್ಲಾದರೆ ನಾಲ್ಕು ಜನ ತಿದ್ದಲು ಬರುತ್ತಿದ್ದರು. ಊಟದ ಕೆಂಪು ಕಾಯಿಚಟ್ನಿಯನ್ನಂತೂ ನಾನು ಎರಡು ದಿನ ಹೊಗಳಿ ಹೊಗಳಿ ಬಡಿಸಿಕೊಂಡೆ. ಮೂರನೇ ದಿನ ಅದರಲ್ಲಿ ಒಣಮೀನಿನ ಪುಡಿ ಇರುತ್ತದೆಂದು ತಿಳಿಯಿತು. ಹುಟ್ಟಿದಾರಭ್ಯ ಮೀನು ಮುಟ್ಟದವಳು ನಾನು. ಜಗಲಿಯಲ್ಲಿ ಕೂತು ಸ್ವಲ್ಪ ಹೊತ್ತು ಯೋಚಿಸಿದೆ. ಮನೆಯಲ್ಲಿ ಹೇಳುವುದು ಬೇಡ ಎಂದು ತೀರ್ಮಾನಿಸಿ, ಅಂದಿನಿಂದ ಚಟ್ನಿ ಬಿಟ್ಟೆ.

ನಾಲ್ಕನೇ ದಿನ

ಆವತ್ತು ಮೆಣಿಕೆ ನಾಲ್ಕು ಬಾಣಂತಿಯರ ಚಾರ್ಟನ್ನು ನನ್ನ ಕೈಗೆ ಕೊಟ್ಟಳು. ಜ್ವರ, ನಾಡಿ, ಉಸಿರು, ಮೂರು ಕಾಲಂ. ನಾನು ಚಕಚಕನೆ ತುಂಬಿಸಿ ಹತ್ತು ನಿಮಿಷದೊಳಗೆ ತಂದುಕೊಟ್ಟೆ. ಬೇಗ ಮುಗಿಸಿದ್ದಕ್ಕೆ ಮೆಚ್ಚುತ್ತಾಳೆ ಎಂದುಕೊಂಡಿದ್ದೆ.

ಅವಳು ಚಾರ್ಟು ನೋಡಿದಳು. ಮೊದಲ ಹಾಸಿಗೆಯ ಪಕ್ಕ ಸ್ಟೂಲು ಎಳೆದುಕೊಂಡು ಕೂತು, ಬಾಣಂತಿಯ ಎದೆಯ ಮೇಲೆ ಹಗುರವಾಗಿ ಕೈಯಿಟ್ಟು, ಗೋಡೆಯ ಗಡಿಯಾರ ನೋಡುತ್ತ ಇಡೀ ಒಂದು ನಿಮಿಷ ಎಣಿಸಿದಳು. ಮತ್ತೆ ಎರಡನೇ ಹಾಸಿಗೆ. ಮೂರನೇದು. ನಾಲ್ಕನೇದು. ಆ ವಾರ್ಡಿನಲ್ಲಿ ಆ ನಾಲ್ಕು ನಿಮಿಷ ಬೇರೇನೂ ನಡೆಯಲಿಲ್ಲ. ಹೊರಗೆ ಮಂಜು ದಾಸವಾಳದ ಮೇಲೆ ಇಳಿಯುತ್ತಿತ್ತು. ಅವಳು ಪ್ರಾರ್ಥನೆಗೆ ಕೂತವಳಂತೆ ಕಂಡಳು. ಆಮೇಲೆ ಬರೆದಳು: ಹದಿನೆಂಟು, ಇಪ್ಪತ್ತನಾಲ್ಕು, ಹದಿನಾರು, ಇಪ್ಪತ್ತೆರಡು.

ನಾನು ಬರೆದದ್ದು ಇಪ್ಪತ್ತು, ಇಪ್ಪತ್ತು, ಇಪ್ಪತ್ತು, ಇಪ್ಪತ್ತು.

ಪೀಣ್ಯದಲ್ಲಿ ನಾವೆಲ್ಲ ಹಾಗೇ ಬರೆಯುತ್ತಿದ್ದೆವು. ನನಗೆ ಹಿರಿಯ ನರ್ಸು ಕಲಿಸಿದ್ದು ಹಾಗೆ, ನಾನು ಕಿರಿಯರಿಗೆ ಕಲಿಸಿದ್ದೂ ಹಾಗೆ. ಉಸಿರಾಡುತ್ತಿದ್ದಾಳೆ ತಾನೇ, ಇಪ್ಪತ್ತು ಹಾಕು. ಜ್ವರಕ್ಕೆ ಥರ್ಮಾಮೀಟರ್ ಇದೆ, ಅಲ್ಲಿ ಕಳ್ಳಾಟ ನಡೆಯುವುದಿಲ್ಲ. ಉಸಿರಿಗೆ ಏನೂ ಇಲ್ಲ, ಕೂತು ಎಣಿಸಬೇಕು, ಕೂರಲು ಯಾರಿಗೆ ಪುರುಸೊತ್ತು. ನನ್ನ ಮುಖ ಕೆಂಪಾಯಿತು. ಮೆಣಿಕೆ ಮಾತ್ರ ಚಾರ್ಟು ಮಡಿಸಿಟ್ಟು, ಬಾ ಚಹಾ ಕುಡಿಯೋಣ ಎಂದಳು.

ಆ ದಿನವೇ ಇನ್ನೊಂದು ನೋಡಿದೆ. ವಾರ್ಡಿನ ಬಾಗಿಲ ಬಳಿ ಒಂದು ತಟ್ಟೆ, ಅದರ ಮೇಲೆ ಬಿಳಿ ಬಟ್ಟೆ. ಬಟ್ಟೆಯ ಕೆಳಗೆ ನಂಜಿಗೆ ಕೊಡುವ ಮೊದಲ ಇಂಜೆಕ್ಷನ್ನುಗಳು, ಕುದಿಸಿದ ಸಿರಿಂಜು, ಒಂದು ಬಾಟಲಿ ಸಲೈನು. ಬೀಗವಿಲ್ಲ. ಮೇಲೆ ಗೋಡೆಯಲ್ಲಿ ಅಲ್ಲಿಯ ಡಾಕ್ಟರು, ಶಾರದಾ ಅವರ ಗೆಳತಿ, ಇಂಗ್ಲಿಷಿನಲ್ಲಿ ಬರೆದಿಟ್ಟ ಹಾಳೆ: ಉಸಿರು ಇಷ್ಟು ಮೀರಿದರೆ, ನಾಡಿ ಇಷ್ಟು ಮೀರಿದರೆ, ನನಗಾಗಿ ಕಾಯಬೇಡಿ, ಮೊದಲ ಸೂಜಿ ನೀವೇ ಕೊಡಿ, ಆಮೇಲೆ ನನಗೆ ಹೇಳಿಕಳಿಸಿ. ಕೆಳಗೆ ಅವರ ರುಜು. ನಾನು ಆ ಹಾಳೆಯನ್ನು ಎರಡು ಸಲ ಓದಿದೆ. ನಮ್ಮ ಬೀಗದ ಕೈ ಪೇಟೆಯಿಂದ ಪೀಣ್ಯಕ್ಕೆ ಬರಲು ಆ ದಿನ ಎಷ್ಟು ಹೊತ್ತು ಹಿಡಿದಿತ್ತೆಂದು ಲೆಕ್ಕ ಹಾಕಿದೆ.

ಹುಣ್ಣಿಮೆಯ ದಿನ

ಅಲ್ಲಿ ಹುಣ್ಣಿಮೆಗೆ ಊರಿಗೆಲ್ಲ ರಜೆ. ಬೆಳಗಿನಿಂದಲೇ ಜನ ಬಿಳಿ ಬಟ್ಟೆ ಉಟ್ಟು, ಕೈಯಲ್ಲಿ ಹೂವಿನ ತಟ್ಟೆ ಹಿಡಿದು ಬೌದ್ಧ ವಿಹಾರದ ಕಡೆ ನಡೆಯುತ್ತಾರೆ. ನಮ್ಮಲ್ಲಿ ದೇವಸ್ಥಾನವೆಂದರೆ ಗಂಟೆ, ಮಂಗಳಾರತಿ, ನೂಕುನುಗ್ಗಲು. ಇವರು ಮಂಜಿನಲ್ಲಿ ಸದ್ದಿಲ್ಲದೆ ತೇಲಿದಂತೆ ಹೋಗುತ್ತಿದ್ದರು. ಹೂವನ್ನು ಮೂಸಿ ನೋಡಬಾರದಂತೆ, ಅದು ಬುದ್ಧನಿಗೆ. ನನಗೆ ಅದು ಗೊತ್ತಿಲ್ಲದೆ ದಾರಿಯಲ್ಲೇ ಮೂಸಿಬಿಟ್ಟಿದ್ದೆ. ಮೆಣಿಕೆ ಮತ್ತೆ ಬೇರೆ ಕಡೆ ನೋಡಿದಳು.

ಕೆರೆಯ ಏರಿಯ ಮೇಲೆ ಬಿಳಿ ಸೀರೆಯ ಹೆಂಗಸರು ಸಾಲಾಗಿ ಬರುತ್ತಿದ್ದರು. ನೀರಿನಲ್ಲಿ ಅವರ ನೆರಳೂ ಬಿಳಿ. ಮೂರನೆಯವಳು ಪಾರ್ವತಿ. ಅದೇ ಗಿಡ್ಡ ಕತ್ತು, ಅದೇ ಒಂದು ಭುಜ ತಗ್ಗಿಸಿದ ನಡಿಗೆ. ನಾನು ಕೂಗಲು ಬಾಯಿ ತೆರೆದೆ. ಏನೆಂದು ಕೂಗಲಿ? ನಿನಗೆ ಎಷ್ಟು ಉಸಿರಿತ್ತಮ್ಮ ಎಂದು ಕೇಳಲೇ? ಹತ್ತಿರ ಬಂದಾಗ ಅವಳು ಯಾರೋ ಶಾಲೆಯ ಹುಡುಗಿ, ನನ್ನ ನೋಡಿ ತಲೆಬಾಗಿ ನಕ್ಕು ಹೋದಳು.

ಆಸ್ಪತ್ರೆಗೆ ವಾಪಸು ಬಂದಾಗ ಮಧ್ಯಾಹ್ನ ಎರಡು ಗಂಟೆ. ಸೋಮಾವತಿ ಎಂಬವಳನ್ನು ಎತ್ತಿನ ಗಾಡಿಯಲ್ಲಿ ತಂದಿದ್ದರು. ಮನೆಯಲ್ಲೇ ಹೆರಿಗೆಯಾಗಿ ಆರು ದಿನ. ಜೊತೆಗೆ ಬಂದ ಅತ್ತೆ, ಮೂರು ದಿನ ಕೆಂಡದಂಥ ಜ್ವರ ಇತ್ತು, ಈಗ ಬಿಟ್ಟಿದೆ, ಸುಮ್ಮನೆ ತೋರಿಸಿಕೊಂಡು ಹೋಗೋಣವೆಂದು ಬಂದೆವು ಎಂದಳು. ಮೆಣಿಕೆ ಅದನ್ನು ನನಗೆ ತಮಿಳಿನಲ್ಲಿ ಹೇಳಿ ಕೈ ತೊಳೆಯಲು ಹೋದಳು. ನಾನು ಥರ್ಮಾಮೀಟರ್ ಇಟ್ಟೆ. ತೊಂಬತ್ತಾರೂವರೆ. ನನಗೆ ಸಂತೋಷವಾಯಿತು. ಜ್ವರ ಬಿಟ್ಟಿದೆ ಅಕ್ಕ ಎಂದು ಕೂಗಿ ಹೇಳಿದೆ.

ಹೇಳಿದ ಆ ಮಾತು ನನ್ನ ಕಿವಿಗೇ ವಿಚಿತ್ರವಾಗಿ ಕೇಳಿತು. ಅದನ್ನು ನಾನು ಮೊದಲೂ ಹೇಳಿದ್ದೆ, ಇದೇ ದನಿಯಲ್ಲಿ.

ಮೆಣಿಕೆ ಬಂದು ಸೋಮಾವತಿಯ ಪಾದ ಮುಟ್ಟಿದಳು. ಸ್ಟೂಲಿನಲ್ಲಿ ಕೂತು ಎದೆಯ ಮೇಲೆ ಕೈಯಿಟ್ಟಳು. ಅವಳ ತುಟಿ ಅಲುಗುತ್ತಿತ್ತು. ನಾನೂ ಎಣಿಸಿದೆ, ಜೀವಮಾನದಲ್ಲಿ ಮೊದಲ ಸಲ ಬಿಡದೆ ಪೂರ್ತಿ ಎಣಿಸಿದೆ. ಮೂವತ್ತಾರು. ನಾಡಿ ಎಣಿಸಲೂ ಆಗದಷ್ಟು ಓಡುತ್ತಿತ್ತು. ಕಾಲು ಮಂಜಿನಲ್ಲಿಟ್ಟ ಕಲ್ಲಿನಂತೆ ತಣ್ಣಗೆ. ಮೆಣಿಕೆ ಕೂಗಲಿಲ್ಲ, ಓಡಲಿಲ್ಲ. ಬಟ್ಟೆ ಸರಿಸಿ, ಸೂಜಿ ತುಂಬಿ, ಚುಚ್ಚಿದಳು. ಮೊಳೆಗೆ ಬಾಟಲಿ ತೂಗುಹಾಕಿದಳು. ಆಮೇಲೆ ಡಾಕ್ಟರಿಗೆ ಹೇಳಿಕಳಿಸಿದಳು. ಅವರು ವಿಹಾರದಿಂದ ಬಿಳಿ ಸೀರೆಯಲ್ಲೇ ಬಂದರು. ಅಷ್ಟರೊಳಗೆ ಮೊದಲ ಬಾಟಲಿ ಅರ್ಧ ಇಳಿದಿತ್ತು. ಗರ್ಭಕೋಶದೊಳಗೆ ಉಳಿದುಹೋಗಿದ್ದ ಮಾಸಿನ ಚೂರನ್ನು ಡಾಕ್ಟರು ತೆಗೆದರು. ಇನ್ನೊಂದು ಬಾಟಲಿ ಹಾಕಿದರು.

ಜ್ವರ ಇಳಿದದ್ದಲ್ಲ, ಮೈ ಸೋತದ್ದು ಎಂದು ಡಾಕ್ಟರು ನನಗೆ ಬಿಡಿಸಿ ಹೇಳಿದರು. ನಂಜು ರಕ್ತದಲ್ಲೆಲ್ಲ ಹರಡಿದಾಗ ಕೆಲವರಲ್ಲಿ ಜ್ವರಕ್ಕೂ ಶಕ್ತಿ ಉಳಿಯುವುದಿಲ್ಲ, ಮೈ ತಣ್ಣಗಾಗುತ್ತದೆ. ಥರ್ಮಾಮೀಟರ್ ಆಗ ಒಳ್ಳೆಯ ಸುದ್ದಿ ಹೇಳುತ್ತದೆ. ಉಸಿರೂ ನಾಡಿಯೂ ಮಾತ್ರ ನಿಜ ಹೇಳುತ್ತವೆ. ಅವರು ಹೇಳುತ್ತಿದ್ದಂತೆ ನನ್ನ ಕಣ್ಣ ಮುಂದೆ ಪೀಣ್ಯದ ಚಾರ್ಟು ಬಂತು. ಪಾರ್ವತಿಯ ಹೆಸರು, ತೊಂಬತ್ತೇಳು, ಅದರ ಪಕ್ಕದಲ್ಲಿ ನನ್ನ ದುಂಡನೆಯ ಅಕ್ಷರದಲ್ಲಿ ಇಪ್ಪತ್ತು.

ಹೊತ್ತು ಇಳಿಯುವಾಗ ಸೋಮಾವತಿಯ ಕಾಲು ಬೆಚ್ಚಗಾಯಿತು. ಕಣ್ಣು ಬಿಟ್ಟು ನೀರು ಕೇಳಿದಳು. ಅತ್ತೆ ತಕ್ಷಣ ಅಡ್ಡ ಬಂದಳು, ಬಾಣಂತಿಗೆ ನೀರೇ, ಕೊತ್ತಂಬರಿ ಕಷಾಯ ತಂದಿದ್ದೇನೆ ಎಂದು. ಅತ್ತೆಯರು ಸಮುದ್ರ ದಾಟಿದರೂ ಬದಲಾಗುವುದಿಲ್ಲ. ಮೆಣಿಕೆ ಅವಳ ಮಾತಿಗೆ ತಲೆದೂಗುತ್ತಲೇ ಮಡಕೆಯಿಂದ, ಕಾಯಿಸಿ ಆರಿಸಿಟ್ಟಿದ್ದ ನೀರು ಬಗ್ಗಿಸಿ, ಸೋಮಾವತಿಯ ತಲೆ ಎತ್ತಿ ಕುಡಿಸಿದಳು. ಮಡಕೆಯ ನೀರು, ಲೋಟದ ಹೊರಗೆಲ್ಲ ಬೆವರಿತ್ತು. ಅವಳು ಮತ್ತೆ ಕೇಳಿದಳು. ಮೆಣಿಕೆ ಮತ್ತೆ ಕೊಟ್ಟಳು.

ನಾನು ಮುನಿಯಮ್ಮನವರ ಪ್ರಶ್ನೆಯನ್ನು ಕೇಳಿದೆ. ತಣ್ಣೀರು ಕುಡಿದು ಬಾಣಂತಿಯ ಮೈ ತಣ್ಣಗಾಗುವುದು ಉಂಟೇ?

ಒಂದು ಲೋಟ ನೀರಿಗೆ ಯಾರ ಮೈಯೂ ಹಾಗೆ ತಣ್ಣಗಾಗುವುದಿಲ್ಲ ಎಂದಳು ಮೆಣಿಕೆ. ಅಷ್ಟು ಬಾಯಾರಿಕೆ ಎಂದರೆ ಮೈ ಒಣಗಿದೆ, ಎಚ್ಚರವಿದ್ದು ನುಂಗಲು ಆಗುವವರೆಗೆ ಕೊಡಬೇಕು. ಯಾಕೆ ಕೇಳುತ್ತೀ ಎಂದಳು. ಜಗಲಿಯ ಮೆಟ್ಟಿಲ ಮೇಲೆ ಕೂತು ನಾನು ಎಲ್ಲವನ್ನೂ ಹೇಳಿದೆ. ಅರ್ಧ ಹೇಳುವಷ್ಟರಲ್ಲಿ ಅಳು ಬಂತು. ಹರಕು ತಮಿಳಿನಲ್ಲಿ ಅಳುವುದು ಕಷ್ಟ, ಕನ್ನಡದಲ್ಲೇ ಅತ್ತೆ.

ಅವಳು ಮುಗಿಯುವವರೆಗೂ ಕಾದು ಒಂದೇ ಮಾತು ಕೇಳಿದಳು. "ಆ ಹುಡುಗಿಯ ಉಸಿರು ಎಷ್ಟಿತ್ತು?"

"ಗೊತ್ತಿಲ್ಲ ಅಕ್ಕ."

"ಎಷ್ಟು ಅಂತ ಬರೆದೆ?"

ಇಪ್ಪತ್ತು ಎಂದೆ. ಅವಳು ಈ ಸಲ ಬೇರೆ ಕಡೆ ನೋಡಲಿಲ್ಲ. ನನ್ನನ್ನೇ ನೋಡಿದಳು, ಆಮೇಲೆ ನನ್ನ ಪಕ್ಕದಲ್ಲಿ ಕೂತಳು. ಕೆರೆಯ ಆಚೆ ಚಂದ್ರ ಏಳುತ್ತಿದ್ದ, ಬಿಳಿ ಬಟ್ಟೆಯ ಜನ ಮನೆಗೆ ಮರಳುತ್ತಿದ್ದರು. ಒಳಗೆ ಸೋಮಾವತಿ ಮತ್ತೆ ನೀರು ಕೇಳಿದ್ದು ಕೇಳಿಸಿತು. ಈ ಸಲ ನಾನು ಎದ್ದು ಹೋಗಿ ಕೊಟ್ಟೆ. ಹನ್ನೊಂದನೇ ದಿನ ಅವಳು ಮಗುವನ್ನೆತ್ತಿಕೊಂಡು ಅದೇ ಗಾಡಿಯಲ್ಲಿ ಊರಿಗೆ ಹೋದಳು.

ಮತ್ತೆ ಪೀಣ್ಯ

ಹಿಂದಿರುಗುವ ಹಡಗಿನಲ್ಲಿ ನಾನು ಕನಸು ಕಾಣಲಿಲ್ಲ. ಎದುರಿಗೆ ಮಲಗಿದ್ದ ಅಪರಿಚಿತ ಮುದುಕಿಯ ಉಸಿರು ಎಣಿಸಿದೆ. ಹದಿನೇಳು. ಚೆನ್ನಾಗಿತ್ತು.

ಡಾಕ್ಟರ್ ಶಾರದಾ ಅವರಿಗೆ ಎಲ್ಲ ಹೇಳಿದೆ, ನನ್ನ ಇಪ್ಪತ್ತನ್ನೂ ಬಿಡದೆ. ಅವರು ಮೇಜಿನ ಮೇಲಿದ್ದ ಬೀಗದ ಕೈಯನ್ನು ನೋಡಿದರು. ನಿನ್ನ ಫೋನು ಬಂದಾಗ ನಾನೂ ಏನೂ ಕೇಳಲಿಲ್ಲವಲ್ಲ ಸರೋಜಾ ಎಂದರು. ಮರುದಿನ ವಾರ್ಡಿನ ಬಾಗಿಲ ಬಳಿ ತಟ್ಟೆ ಬಂತು, ಗೋಡೆಗೆ ಅವರ ಕೈಬರಹದ ಹಾಳೆ ಬಂತು. ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ ನನ್ನ ಯಜಮಾನರು ಸೆಕೆಂಡಿನ ಮುಳ್ಳಿರುವ ಗಡಿಯಾರವೊಂದನ್ನು ತಂದು ತಾವೇ ಮೊಳೆ ಹೊಡೆದರು. ನಮ್ಮ ಕಿರಿಯ ನರ್ಸುಗಳು ಒಂದು ನಿಮಿಷ ಕೂರಬೇಕೆಂದಾಗ ಮುಖ ಸಿಂಡರಿಸಿದರು. ಕೂರಲು ಹೇಳಿದ್ದಕ್ಕೆ ಬೇಸರಪಟ್ಟವರನ್ನು ಅಲ್ಲೇ ಮೊದಲು ನೋಡಿದ್ದು.

ಇಷ್ಟೆಲ್ಲ ಮಾಡಿದೆ, ಊರೊಳಗಿನ ಓಣಿಗೆ ಮಾತ್ರ ಹದಿನೈದು ದಿನ ಕಾಲಿಡಲಿಲ್ಲ. ಪದ್ಮಕ್ಕನಿಗೆ ಹಡಗಿನ ಕಥೆ ಮೂರು ಸಲ ಹೇಳಿದೆ. ಮುನಿಯಮ್ಮ ದೂರದಲ್ಲಿ ಕಂಡರೆ ದಾರಿ ಬದಲಿಸಿದೆ. ಕೊನೆಗೆ ಒಂದು ಭಾನುವಾರ ಮಧ್ಯಾಹ್ನ ಹೋದೆ. ಅವರು ಪಡಸಾಲೆಯಲ್ಲಿ ರಾಗಿ ಕೇರುತ್ತಿದ್ದರು. ಮಗು ಗೋಡೆ ಹಿಡಿದು ನಡೆಯುತ್ತಿತ್ತು. ನಾನು ಕೂತೆ. ಅವರು ಕೇಳುವ ಮೊದಲೇ ಹೇಳಿಬಿಡಬೇಕು ಎಂದುಕೊಂಡೆ.

ಪಾರ್ವತಿಯ ಮೈ ತಣ್ಣಗಾದದ್ದು ನೀರಿನಿಂದಲ್ಲ ಎಂದೆ. ನಂಜು ಹರಡಿ ಬೆಳಿಗ್ಗೆಯೇ ಮೈ ಸೋಲಲು ಶುರುವಾಗಿತ್ತು. ಅದು ಉಸಿರು ಎಣಿಸಿದ್ದರೆ ಗೊತ್ತಾಗುತ್ತಿತ್ತು.

"ನಾನು ಎಣಿಸಲಿಲ್ಲ. ಎಣಿಸದೆ ಸುಳ್ಳು ಬರೆದೆ. ಜ್ವರ ಇಳೀತು ಅಂತ ನಿಮಗೂ ಹೇಳಿದೆ, ಡಾಕ್ಟ್ರಿಗೂ ಹೇಳಿದೆ. ಅವರು ಬೆಳಿಗ್ಗೇನೇ ಬಂದಿದ್ದಿದ್ರೆ ಏನಾಗ್ತಿತ್ತೋ. ತಪ್ಪು ನಂದು, ಮುನಿಯಮ್ಮನೋರೇ. ನಿಮ್ಮದಲ್ಲ."

ಮೊರ ನಿಂತಿತು. ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ರಾಗಿಯನ್ನು ಬೆರಳಲ್ಲಿ ಸರಿಸುತ್ತ, ಹಂಗಾದರೆ ಆ ಊರಲ್ಲಿ ತಣ್ಣೀರು ಕೊಡುತ್ತಾರಾ ಎಂದು ಮೆಲ್ಲಗೆ ಕೇಳಿದರು.

"ಕೊಡ್ತಾರೆ. ಕೇಳಿದಷ್ಟು ಸಲ ಕೊಡ್ತಾರೆ. ಆವತ್ತು ನಮ್ಮೆಲ್ಲರಲ್ಲಿ ಸರಿಯಾಗಿ ಮಾಡಿದ್ದು ನೀವೊಬ್ಬರೇ."

ಅವರ ಮುಖ ಅರಳುತ್ತದೆ, ಒಂದು ವರ್ಷದ ಭಾರ ಇಳಿಯುತ್ತದೆ ಎಂದು ನಾನು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದೆ. ಅವರು ತಲೆ ಎತ್ತಿ ನನ್ನನ್ನು ನೋಡಿದರು.

"ಇನ್ನೊಂದು ಲೋಟ ಕೇಳಿದ್ಲು ಕಣಮ್ಮ. ಕೈ ಇಡ್ಕಂಡು ಕೇಳಿದ್ಲು. ಸಾಕು ಬುಡು ಮಗಾ ಅಂದ್ಬುಟ್ಟೆ."

ಅವರನ್ನು ಸಮಾಧಾನ ಮಾಡಲು ನಾನು ಯಾರು? ತಪ್ಪು ಒಪ್ಪಿಕೊಂಡು ಹಗುರಾಗಿ ಹೋಗಲು ಬಂದವಳು ಅವರ ಮೇಲೆ ಇನ್ನೊಂದು ಭಾರ ಹೊರಿಸಿದ್ದೆ. ಆ ಒಂದು ಲೋಟದಿಂದ ಅವಳು ಉಳಿಯುತ್ತಿರಲಿಲ್ಲ ಎಂದು ಹೇಳಿದೆ, ಅದು ನಿಜವೂ ಹೌದು. ಉಳೀತಿರಲಿಲ್ಲ, ಬಾಯಾರ್ಕೆ ಆದ್ರೂ ತೀರ್ತಿತ್ತಲ್ಲ ಎಂದರು. ಆಮೇಲೆ ಇಬ್ಬರೂ ಅತ್ತೆವು. ಅವರು ಮೊರವನ್ನು ಬದಿಗಿಟ್ಟು ನನ್ನ ಮೊಣಕೈ ಹಿಡಿದುಕೊಂಡರು, ಸಂಜೆಯವರೆಗೂ ಬಿಡಲಿಲ್ಲ.

ಒಂದೆರಡು ತಿಂಗಳ ಮೇಲೆ ಮುನಿಯಮ್ಮ ತಾವಾಗಿ ನಮ್ಮ ವಾರ್ಡಿಗೆ ಬರತೊಡಗಿದರು. ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಬಾಣಂತಿಯರ ತಾಯಂದಿರ ಪಕ್ಕ ಕೂರುತ್ತಾರೆ. ಮೈ ಬಿಸಿಯಾದರೂ ಬನ್ನಿ, ತಣ್ಣಗಾದರೂ ಬನ್ನಿ, ಉಸಿರು ಜೋರಾದರೆ ಓಡಿ ಬನ್ನಿ ಎಂದು ನಾನು ಹೇಳುವುದನ್ನು ಅವರೂ ತಮ್ಮ ಮಾತಲ್ಲಿ ಹೇಳುತ್ತಾರೆ. ನಮ್ಮ ಮಾತಿಗಿಂತ ಅವರ ಮಾತನ್ನು ಹೆಂಗಸರು ಹೆಚ್ಚು ಕೇಳುತ್ತಾರೆ. ಕೊನೆಗೆ ಏಳುವಾಗ ಪ್ರತಿಯೊಬ್ಬ ತಾಯಿಗೂ ಇನ್ನೊಂದು ಮಾತು ಸೇರಿಸುತ್ತಾರೆ, ಯಾಕೆ ಎಂದು ಯಾರು ಕೇಳಿದರೂ ಹೇಳುವುದಿಲ್ಲ.

"ನೀರು ಕೇಳುದ್ರೆ ಕೊಡ್ರಮ್ಮ. ಇನ್ನೊಂದು ಲೋಟ ಕೇಳುದ್ರೂ ಕೊಡಿ."